ಪದವಿ ಅನ್ನ ಕೊಡುತ್ತದೆಯೇ?

ಕಳೆದ ವರ್ಷ ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ಮೂರನೆಯ ದಿನ. ಇಶಾ ನಮಾಝ್ ಮುಗಿಸಿ ಮಸೀದಿಯ ಜಗಲಿಯಲ್ಲಿ ಕುಳಿತಿದ್ದೆ. ನಮ್ಮ ಜಮಾಅತಿನ ಹಿರಿಯರೊಬ್ಬರು ತಮ್ಮ ಕಿರಿಯ ಮಗನನ್ನು ಕರೆದುಕೊಂಡು ಬಂದರು. ಸಲಾಮ್ ಹೇಳಿ ಪಕ್ಕದಲ್ಲಿ ಕುಳಿತವರು ಪೀಠಿಕೆಯಿಲ್ಲದೆ ವಿಷಯಕ್ಕೆ ಬಂದರು.

"ಉಸ್ತಾದ್, ಇವನು ಪಾಸಾಗಿದ್ದಾನೆ, ಅಲ್‌ಹಮ್ದುಲಿಲ್ಲಾಹ್. ಇವನ ಮಾವ ರಿಯಾದಿನ ಸೂಪರ್ ಮಾರ್ಕೆಟಿಗೆ ವೀಸಾ ತೆಗೆದುಕೊಡುತ್ತೇನೆ ಎನ್ನುತ್ತಿದ್ದಾನೆ. ಇವನು ನೋಡಿದರೆ ಡಿಗ್ರಿ ಮಾಡಬೇಕು ಎಂದು ಹಟ ಹಿಡಿದಿದ್ದಾನೆ. ಡಿಗ್ರಿ ಮಾಡಿದವರೆಲ್ಲ ಏನು ಕಡಿದು ಕಟ್ಟೆ ಹಾಕಿದ್ದಾರೆ? ನಮ್ಮ ಎದುರು ಮನೆಯ ಹುಡುಗ ಬಿಕಾಂ ಮುಗಿಸಿ ಮೊಬೈಲ್ ಅಂಗಡಿಯಲ್ಲಿ ಕವರ್ ಮಾರುತ್ತಿದ್ದಾನೆ. ನೀವೇ ಹೇಳಿ, ಮೂರು ವರ್ಷ ದಂಡವಲ್ಲವೇ?"

ಹುಡುಗ ತಲೆ ತಗ್ಗಿಸಿ ಚಪ್ಪಲಿಯನ್ನೇ ನೋಡುತ್ತಿದ್ದ. ಮದ್ರಸದಲ್ಲಿ ನನ್ನ ಮುಂದೆ ಹತ್ತು ವರ್ಷ ಕುಳಿತು ಓದಿದವನು. ಇಬ್ಬರೂ ನನ್ನ ಮಾತಿಗೆ ಕಾಯುತ್ತಿದ್ದರು. "ಎರಡು ದಿನ ಸಮಯ ಕೊಡಿ ಕಾಕ" ಎಂದಷ್ಟೇ ಹೇಳಿ ಅವರನ್ನು ಕಳುಹಿಸಿದೆ.

ಉತ್ತರ ಹೇಳಲು ಅಂಜಿದ್ದಕ್ಕೆ ಕಾರಣವಿದೆ. ಇದೇ ಜಗಲಿಯಲ್ಲಿ, ಇದೇ ಪ್ರಶ್ನೆಗೆ ನಾನು ಹಿಂದೆ ಎರಡು ಬಾರಿ ತಪ್ಪು ಉತ್ತರ ಕೊಟ್ಟಿದ್ದೇನೆ. ಒಬ್ಬನಿಗೆ ಪದವಿ ಬೇಕೇ ಬೇಕು ಎಂದೆ. ಇನ್ನೊಬ್ಬಳ ವಿಷಯದಲ್ಲಿ ಪದವಿಯ ಮಾತನ್ನೇ ಎತ್ತಲಿಲ್ಲ. ಎರಡರ ಬೆಲೆಯನ್ನೂ ತೆತ್ತವರು ಅವರು, ನಾನಲ್ಲ.

ಮೊದಲನೆಯದು ಸುಮಾರು ಹನ್ನೆರಡು ವರ್ಷಗಳ ಹಿಂದಿನ ಮಾತು. ಆಗಷ್ಟೇ ನಾನು ದೂರ ಶಿಕ್ಷಣದ ಮೂಲಕ ಕನ್ನಡ ಬಿಎ ಮುಗಿಸಿದ್ದೆ. ದರ್ಸಿನಲ್ಲಿ ಕಿತಾಬ್ ಓದಿದವನ ಕೈಗೆ ವಿಶ್ವವಿದ್ಯಾನಿಲಯದ ಪ್ರಮಾಣಪತ್ರ ಬಂದಾಗ ಮನಸ್ಸಿನಲ್ಲಿ ಸ್ವಲ್ಪ ಹೆಮ್ಮೆಯೂ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ. ಮದ್ರಸದಲ್ಲಿ ಒಬ್ಬ ಹುಡುಗನಿದ್ದ. ಮಸೀದಿಯ ಮೈಕ್ ಕೆಟ್ಟರೆ ಅವನೇ ಬೇಕು, ಹೌಳಿನ ಪಂಪು ನಿಂತರೆ ಅವನೇ ಬೇಕು. ಅವನ ತಂದೆ ಐಟಿಐಗೆ ಸೇರಿಸಲು ಹೊರಟಿದ್ದರು. ನಾನು ತಡೆದೆ. "ಐಟಿಐ ಮಾಡಿದರೆ ಬದುಕಿಡೀ ಸ್ಕ್ರೂಡ್ರೈವರ್ ಹಿಡಿಯಬೇಕು. ಪಿಯುಸಿ ಓದಿಸಿ, ಡಿಗ್ರಿ ಮಾಡಿಸಿ, ಮನುಷ್ಯನಾಗಲಿ" ಎಂದೆ. ಉಸ್ತಾದರ ಮಾತೆಂದು ತಂದೆ ಒಪ್ಪಿದರು. ಹುಡುಗ ಹೇಗೋ ಪಿಯುಸಿ ದಾಟಿದ. ಖಾಸಗಿ ಕಾಲೇಜಿನ ಶುಲ್ಕಕ್ಕಾಗಿ ತಂದೆ ಬಡ್ಡಿಯ ಸಾಲಕ್ಕೆ ಕೈಯೊಡ್ಡಿದರು. ಪುಸ್ತಕಕ್ಕೂ ಅವನಿಗೂ ಹೊಂದಲಿಲ್ಲ. ಒಂದರ ಮೇಲೊಂದು ವಿಷಯ ಉಳಿಸಿಕೊಂಡು ಕೊನೆಯ ವರ್ಷ ಕಾಲೇಜು ಬಿಟ್ಟ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಮೆಕ್ಯಾನಿಕ್ ಒಬ್ಬರ ಹಿಂದೆ ತಿರುಗಿ ಎಸಿ ಕೆಲಸ ಕಲಿತ. ಇಂದು ಕತರ್‌ನಲ್ಲಿದ್ದಾನೆ. ಕೆಲಸ ಎಲ್ಲರಿಗಿಂತ ಚೆನ್ನಾಗಿ ಬರುತ್ತದೆ, ಆದರೆ ಕೈಯಲ್ಲಿ ಪ್ರಮಾಣಪತ್ರವಿಲ್ಲದ್ದರಿಂದ ಹೆಲ್ಪರ್ ಸಂಬಳ. ಐಟಿಐ ಮಾಡಿದ್ದರೆ ಅವನು ಟೆಕ್ನಿಷಿಯನ್ ಆಗಿರುತ್ತಿದ್ದ. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ನನಗೊಂದು ಅತ್ತರ್ ಬಾಟಲಿ ತರುತ್ತಾನೆ. ಒಂದು ದಿನವೂ ದೂರಿದವನಲ್ಲ. ಆ ಅತ್ತರನ್ನು ಹಚ್ಚಿಕೊಳ್ಳುವಾಗ ನನಗೆ ನಾಚಿಕೆಯಾಗುತ್ತದೆ.

ಎರಡನೆಯದು ಒಬ್ಬ ಹುಡುಗಿಯ ವಿಷಯ. ದ್ವಿತೀಯ ಪಿಯುಸಿಯಲ್ಲಿ ತರಗತಿಗೇ ಹೆಚ್ಚು ಅಂಕ ಪಡೆದಿದ್ದಳು. ಅವಳ ತಂದೆ ಬಂದು, "ಮಗಳಿಗೆ ಓದುವ ಆಸೆ ಇದೆ ಉಸ್ತಾದ್. ಒಳ್ಳೆಯ ಸಂಬಂಧವೂ ಬಂದಿದೆ. ಏನು ಮಾಡಲಿ?" ಎಂದು ಕೇಳಿದರು. ಒಳ್ಳೆಯ ಸಂಬಂಧ ಬಂದಾಗ ತಡಮಾಡಬಾರದು ಎಂದೆ. ಆ ಮಾತು ತಪ್ಪಲ್ಲ. ಆದರೆ ಮದುವೆಯ ನಂತರವೂ ಓದಬಹುದು, ಆ ಮಾತನ್ನು ವರನ ಕಡೆಯವರೊಂದಿಗೆ ಮೊದಲೇ ಆಡಿಕೊಳ್ಳಿ ಎಂದು ಹೇಳಬೇಕಿತ್ತು. ನಾನು ಹೇಳಲಿಲ್ಲ. ಹುಡುಗನ ಪದವಿಗಾಗಿ ಅರ್ಧ ಗಂಟೆ ವಾದಿಸಿದ ನಾನು ಹುಡುಗಿಯ ಓದಿಗಾಗಿ ಅರ್ಧ ವಾಕ್ಯವನ್ನೂ ಖರ್ಚು ಮಾಡಲಿಲ್ಲ. ಆರು ವರ್ಷಗಳಲ್ಲಿ ಅವಳ ಗಂಡ ಪರದೇಶದಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಇದ್ದಾ ಕಾಲ ಮುಗಿಸಿ, ಇಬ್ಬರು ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಳು. ಸಮೀಪದ ಶಾಲೆಯೊಂದರಲ್ಲಿ ಶಿಕ್ಷಕಿಯ ಕೆಲಸವಿದೆಯೆಂದು ಕೇಳಿ ಹೋದಳು. ಪದವಿ ಇದೆಯೇ, ಬಿಎಡ್ ಇದೆಯೇ ಎಂದು ಕೇಳಿದರಂತೆ. ಹಿಂತಿರುಗಿ ಬಂದು ತನ್ನ ಉಮ್ಮನ ಪಕ್ಕದಲ್ಲಿ ಬೀಡಿ ಕಟ್ಟಲು ಕುಳಿತಳು.

ಆ ಎರಡು ದಿನ ಈ ಇಬ್ಬರೂ ನನ್ನ ಕಣ್ಣ ಮುಂದಿದ್ದರು.

ಪ್ರಿಯ ಓದುಗರೇ, ನಮ್ಮ ಸಮುದಾಯದಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ಎರಡು ಬಗೆಯ ಉತ್ತರಗಳು ಸಿದ್ಧವಾಗಿರುತ್ತವೆ. ಪದವಿ ಇಲ್ಲದಿದ್ದರೆ ಬದುಕೇ ಇಲ್ಲ ಎಂಬುದು ಒಂದು. ರಿಝ್ಕ್ ಕೊಡುವವನು ಅಲ್ಲಾಹನು, ಪದವಿಯಿಂದೇನು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಕಾಗದವನ್ನು ಅನ್ನದಾತನನ್ನಾಗಿ ಮಾಡುವ ದೋಷವಿದೆ. ಎರಡನೆಯದರಲ್ಲಿ ಸೋಮಾರಿತನಕ್ಕೆ ತವಕ್ಕುಲ್ ಎಂಬ ಹೆಸರಿಡುವ ದೋಷವಿದೆ. ಒಂಟೆಯನ್ನು ಕಟ್ಟಿ ಭರವಸೆಯಿಡಲೇ, ಕಟ್ಟದೆ ಭರವಸೆಯಿಡಲೇ ಎಂದು ಕೇಳಿದ ವ್ಯಕ್ತಿಗೆ ಪ್ರವಾದಿವರ್ಯರು(ಸ) ಮೊದಲು ಕಟ್ಟು, ಅನಂತರ ಅಲ್ಲಾಹನ ಮೇಲೆ ಭರವಸೆಯಿಡು ಎಂದು ತಿಳಿಸಿದ ಪ್ರಸಂಗ ನಮಗೆಲ್ಲ ಗೊತ್ತು. ಇಂದಿನ ಕಾಲದಲ್ಲಿ ಒಂಟೆ ಕಟ್ಟುವ ಹಗ್ಗ ಯಾವುದು ಎಂಬುದಷ್ಟೇ ನಮ್ಮ ಪ್ರಶ್ನೆ.

ಅಬೂದಾವೂದ್ ಮತ್ತು ಇಬ್ನುಮಾಜಃ ಗ್ರಂಥಗಳಲ್ಲಿ ವರದಿಯಾದ ಇನ್ನೊಂದು ಘಟನೆಯನ್ನು ನಾನು ಮಕ್ಕಳಿಗೆ ಆಗಾಗ ಹೇಳುತ್ತೇನೆ. ಅನ್ಸಾರಿಯೊಬ್ಬರು ಬೇಡಲು ಬಂದರು. ಮನೆಯಲ್ಲಿ ಏನೂ ಇಲ್ಲವೇ ಎಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಒಂದು ಹೊದಿಕೆ, ನೀರು ಕುಡಿಯುವ ಒಂದು ಬಟ್ಟಲು ಇದೆಯೆಂದಾಗ ಅವುಗಳನ್ನು ತರಿಸಿ ಹರಾಜು ಹಾಕಿ ಎರಡು ದಿರ್ಹಮ್‌ಗೆ ಮಾರಿದರು. ಒಂದು ದಿರ್ಹಮಿನಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ. ಕೊಡಲಿಗೆ ತಮ್ಮ ಕೈಯಿಂದಲೇ ಹಿಡಿ ಹಾಕಿ, ಸೌದೆ ಕಡಿದು ಮಾರು, ಹದಿನೈದು ದಿನ ನನ್ನ ಕಣ್ಣಿಗೆ ಬೀಳಬೇಡ ಎಂದು ಕಳುಹಿಸಿದರು. ಆತ ಹತ್ತು ದಿರ್ಹಮ್ ಸಂಪಾದಿಸಿ ಮರಳಿದರು.

ಇಲ್ಲಿ ಗಮನಿಸಬೇಕಾದ ಮೂರು ಸಂಗತಿಗಳಿವೆ. ಆ ಮನುಷ್ಯನಿಗೆ ಸಿಕ್ಕಿದ್ದು ಸಾಧನ. ಆ ಸಾಧನ ಅವನ ಕೈಗೂ ಅವನ ಊರಿನ ಮಾರುಕಟ್ಟೆಗೂ ಒಗ್ಗುವಂಥದು. ಕೊಡಲಿಯನ್ನು ಸುಮ್ಮನೆ ಕೈಗಿಡದೆ ಹಿಡಿ ಹಾಕಿಕೊಟ್ಟು, ಏನು ಮಾಡಬೇಕು, ಎಷ್ಟು ದಿನ ಮಾಡಬೇಕು ಎಂಬ ಮಾರ್ಗದರ್ಶನವನ್ನೂ ಕೊಡಲಾಯಿತು. ನಾವು ಮಕ್ಕಳನ್ನು ಕಾಲೇಜಿಗೆ ಸೇರಿಸುತ್ತೇವೆ, ಅಂದರೆ ಹಿಡಿಯಿಲ್ಲದ ಕೊಡಲಿಯನ್ನು ಕೈಗೆ ಕೊಡುತ್ತೇವೆ. ಆಮೇಲೆ ಸೌದೆ ಎಲ್ಲಿ ಎಂದು ಕೇಳುತ್ತೇವೆ.

ಪದವಿ ಎಂದರೆ ನಿಜಕ್ಕೂ ಏನು? ನನಗೆ ತಿಳಿದಂತೆ ಅದು ಕೆಲವು ಬಾಗಿಲುಗಳ ಕೀಲಿಕೈ. ಬಾಗಿಲಿನ ಒಳಗೆ ಊಟ ಬಡಿಸಿಟ್ಟಿರುತ್ತದೆ ಎಂಬ ಭರವಸೆಯನ್ನು ಅದು ಕೊಡುವುದಿಲ್ಲ. ಆದರೆ ಕೀಲಿಕೈ ಇಲ್ಲದವನಿಗೆ ಆ ಬಾಗಿಲು ತೆರೆಯುವುದೂ ಇಲ್ಲ. ನಮ್ಮ ರಾಜ್ಯದಲ್ಲಿ ದ್ವಿತೀಯ ದರ್ಜೆ ಸಹಾಯಕ ಹುದ್ದೆಗೆ ಪಿಯುಸಿ ಸಾಕು, ಪ್ರಥಮ ದರ್ಜೆ ಸಹಾಯಕನಾಗಲು ಪದವಿ ಬೇಕು. ಪೊಲೀಸ್ ಕಾನ್‌ಸ್ಟೆಬಲ್ ಆಗಲು ಪಿಯುಸಿ ಸಾಕು, ಸಬ್ ಇನ್‌ಸ್ಪೆಕ್ಟರ್ ಆಗಲು ಪದವಿ ಬೇಕು. ಪಂಚಾಯತ್ ಅಭಿವೃದ್ಧಿ ಅಧಿಕಾರಿಯಾಗಲು, ಬ್ಯಾಂಕ್ ಅಧಿಕಾರಿಯಾಗಲು, ಬಿಎಡ್ ಸೇರಲು, ಐಎಎಸ್ ಪರೀಕ್ಷೆ ಬರೆಯಲು ಪದವಿ ಬೇಕೇ ಬೇಕು. ಐಎಎಸ್ ಪರೀಕ್ಷೆಗಂತೂ ಯಾವ ವಿಷಯದ ಪದವಿಯಾದರೂ ಆದೀತು. ಅರ್ಜಿಯ ಆ ಒಂದು ಸಾಲು ಖಾಲಿ ಉಳಿದರೆ ಮುಂದಿನ ಯಾವ ಪ್ರತಿಭೆಯೂ ಲೆಕ್ಕಕ್ಕೆ ಬರುವುದಿಲ್ಲ.

2006ರಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿಯನ್ನು ನಾವು ಭಾಷಣಗಳಲ್ಲಿ ಸಾಕಷ್ಟು ಉಲ್ಲೇಖಿಸಿದ್ದೇವೆ. 20 ವರ್ಷ ಮೇಲ್ಪಟ್ಟವರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ದೇಶದಲ್ಲಿ ಸುಮಾರು ಶೇ. 7ರಷ್ಟಿದ್ದರೆ ಮುಸ್ಲಿಮರಲ್ಲಿ ಶೇ. 4ಕ್ಕಿಂತಲೂ ಕಡಿಮೆ ಎಂದು ಆ ವರದಿ ಹೇಳಿತ್ತು. ಇದು 2001ರ ಜನಗಣತಿಯ ಲೆಕ್ಕ. ಆ ಬಳಿಕ ನಮ್ಮ ಕರಾವಳಿಯಲ್ಲಿ ಬಹಳಷ್ಟು ಬದಲಾಗಿದೆ, ನಮ್ಮ ಹೆಣ್ಣುಮಕ್ಕಳು ಕಾಲೇಜುಗಳಲ್ಲಿ ಹೆಸರು ಮಾಡುತ್ತಿದ್ದಾರೆ. ಆದರೂ ಮೀಸಲಾತಿಯ ಕುರಿತು ಗಂಟೆಗಟ್ಟಲೆ ಮಾತನಾಡುವ ನಾವು, ಅರ್ಜಿ ಹಾಕುವ ಅರ್ಹತೆಯುಳ್ಳವರು ನಮ್ಮ ಜಮಾಅತಿನಲ್ಲಿ ಎಷ್ಟು ಮಂದಿ ಎಂದು ಬೆರಳೆಣಿಸಿ ನೋಡಿದ್ದೇವೆಯೇ?

ಹಾಗಾದರೆ ಎದುರು ಮನೆಯ ಬಿಕಾಂ ಹುಡುಗನ ಕಥೆ ಸುಳ್ಳೇ? ಸುಳ್ಳಲ್ಲ. ಸರಕಾರದ ಕಾರ್ಮಿಕ ಸಮೀಕ್ಷೆಗಳಲ್ಲಿಯೂ ನಿರುದ್ಯೋಗದ ಪ್ರಮಾಣ ಓದದವರಿಗಿಂತ ಪದವೀಧರರಲ್ಲಿ ಹೆಚ್ಚು. ಇದನ್ನು ತೋರಿಸಿ ಓದುವುದೇ ತಪ್ಪೆನ್ನುವವರಿದ್ದಾರೆ. ಆದರೆ ಬಡವನಿಗೆ ನಿರುದ್ಯೋಗಿಯಾಗಿ ಕುಳಿತುಕೊಳ್ಳುವ ಅನುಕೂಲವೂ ಇರುವುದಿಲ್ಲ. ಸಿಕ್ಕಿದ ಕೂಲಿಗೆ ಅವನು ಅಂದೇ ಹೋಗಲೇಬೇಕು. ಪದವೀಧರ ತನ್ನ ಓದಿಗೆ ತಕ್ಕ ಕೆಲಸಕ್ಕಾಗಿ ಕಾಯುತ್ತಾನೆ. ಕಾಯುವುದರಲ್ಲಿ ತಪ್ಪಿಲ್ಲ, ಕೈಕಟ್ಟಿ ಕಾಯುವುದು ತಪ್ಪು. ಒಂದೇ ಬಗೆಯ ಪ್ರಮಾಣಪತ್ರ ಸಾವಿರಾರು ಮಂದಿಯ ಕೈಯಲ್ಲಿರುವಾಗ, ಅದರ ಜೊತೆ ಇನ್ನೇನು ಬರುತ್ತದೆ ಎಂದು ಕೆಲಸ ಕೊಡುವವನು ಕೇಳುತ್ತಾನೆ. ಲೆಕ್ಕ ಬರೆಯಲು ಬರುತ್ತದೆಯೇ? ನಾಲ್ಕು ಜನರ ಮುಂದೆ ಮಾತನಾಡಲು ಬರುತ್ತದೆಯೇ? ಹೇಳಿದ ಸಮಯಕ್ಕೆ ಬರುತ್ತೀಯಾ? ಈ ಪ್ರಶ್ನೆಗಳಿಗೆ ಉತ್ತರ ಪ್ರಮಾಣಪತ್ರದಲ್ಲಿ ಅಚ್ಚಾಗಿರುವುದಿಲ್ಲ.

ನನ್ನ ವಿಷಯವನ್ನೇ ಹೇಳುತ್ತೇನೆ. ನನ್ನ ಬಿಎ ಶುಲ್ಕದ ಬಹುಪಾಲು ಉಮ್ಮನ ಬೀಡಿಯ ಮಜೂರಿಯಿಂದ ಬಂದದ್ದು. ಪದವಿ ದೊರೆತ ಮೇಲೆ ಮದ್ರಸದ ಸಂಬಳ ಒಂದು ರೂಪಾಯಿಯೂ ಏರಲಿಲ್ಲ. ಕಮಿಟಿಯವರು ಅಭಿನಂದಿಸಿ ಶಾಲು ಹೊದಿಸಿದರು, ಅಷ್ಟೆ. ಸಂಪಾದನೆಯ ತಕ್ಕಡಿಯಲ್ಲಿ ತೂಗಿದರೆ ನನ್ನ ಪದವಿ ನಷ್ಟದ ವ್ಯಾಪಾರ. ಆದರೆ ಪಂಪನನ್ನೂ ವಚನಗಳನ್ನೂ ಓದಿದ ಮೇಲೆ ನನ್ನ ಜುಮಾ ಭಾಷಣದ ಕನ್ನಡ ಬದಲಾಯಿತು. ಜಮಾಅತಿನ ಅರ್ಜಿಯನ್ನು ಹಿಡಿದು ತಾಲೂಕು ಕಚೇರಿಗೆ ಹೋದಾಗ ನಿಲ್ಲುವ ಭಂಗಿ ಬದಲಾಯಿತು. ಪಕ್ಕದ ಶಾಲೆಯ ಕನ್ನಡ ಮೇಷ್ಟ್ರು ಗೆಳೆಯರಾದರು. ಉಮ್ಮ ಸುತ್ತಿದ ಒಂದೊಂದು ಬೀಡಿಯೂ ನನಗೊಂದೊಂದು ಅಕ್ಷರವಾಯಿತು. ಈ ಲಾಭಕ್ಕೆ ಯಾವ ಸಂಬಳ ಪಟ್ಟಿಯಲ್ಲೂ ಜಾಗವಿಲ್ಲ. ಆದರೂ ಹೇಳಲೇಬೇಕು, ಉಮ್ಮನ ಸೊಂಟ ನೋವಿನ ಮುಂದೆ ಈ ಮಾತನ್ನು ದೊಡ್ಡದು ಮಾಡಿ ಹೇಳುವ ಧೈರ್ಯ ನನಗಿಲ್ಲ. ಬಡವರ ಮನೆಯಲ್ಲಿ ಓದು ಅನ್ನಕ್ಕೂ ದಾರಿಯಾಗಬೇಕು. ಹಾಗೆ ನಿರೀಕ್ಷಿಸುವುದು ದುರಾಸೆಯಲ್ಲ.

ಇಸ್ಲಾಮಿನ ಇತಿಹಾಸದಲ್ಲಿ ವಿದ್ಯೆ ಮತ್ತು ದುಡಿಮೆಗಳ ನಡುವೆ ಗೋಡೆ ಇರಲಿಲ್ಲ. ಮೊದಲು ಅವತೀರ್ಣವಾದ ಸೂರಃ ಅಲಕ್‌ನ ಸೂಕ್ತಗಳು ಓದಿನಿಂದ ಆರಂಭವಾಗಿ ಲೇಖನಿಯನ್ನು ಸ್ಮರಿಸುತ್ತವೆ. ಪ್ರವಾದಿ ದಾವೂದರು(ಅ) ತಮ್ಮ ಕೈಯ ದುಡಿಮೆಯಿಂದ ಉಣ್ಣುತ್ತಿದ್ದರೆಂದು ಹದೀಸ್ ತಿಳಿಸುತ್ತದೆ, ಝಕರಿಯ್ಯಾರು(ಅ) ಬಡಗಿಯಾಗಿದ್ದರು. ಇಮಾಮ್ ಅಬೂಹನೀಫಾ(ರ) ಕೂಫಾದಲ್ಲಿ ರೇಷ್ಮೆ ಬಟ್ಟೆಯ ವ್ಯಾಪಾರಿ. ನಮ್ಮ ಇಮಾಮ್ ಶಾಫಿಈ(ರ) ಅವರನ್ನು ಸಾಕಿದ್ದು ವಿಧವೆ ತಾಯಿ. ಗುರುವಿಗೆ ಕೊಡಲು ಅವರ ಬಳಿ ಹಣವಿರಲಿಲ್ಲ. ಗುರುಗಳು ಇಲ್ಲದಿರುವಾಗ ಮಕ್ಕಳನ್ನು ನೋಡಿಕೊಳ್ಳುವುದೇ ಆ ಬಾಲಕ ಸಲ್ಲಿಸಿದ ಶುಲ್ಕವಾಯಿತು. ಇಮಾಮ್ ಗಝ್ಝಾಲಿ(ರ) ತಮ್ಮ ಇಹ್ಯಾ ಉಲೂಮುದ್ದೀನ್ ಗ್ರಂಥದಲ್ಲಿ ವೈದ್ಯಶಾಸ್ತ್ರ ಮತ್ತು ಗಣಿತವನ್ನು ಫರ್ಝ್ ಕಿಫಾಯಃ ಎಂದು ಎಣಿಸಿ, ನೇಯ್ಗೆ, ಬೇಸಾಯದಂತಹ ಕಸುಬುಗಳನ್ನೂ ಅದೇ ಸಾಲಿಗೆ ಸೇರಿಸಿದ್ದಾರೆ. ಊರಿಗೆ ಬೇಕಾದ ವೈದ್ಯನೂ ಎಲೆಕ್ಟ್ರೀಷಿಯನ್ನನೂ ಇಲ್ಲದಿದ್ದರೆ ಆ ಹೊಣೆ ಇಡೀ ಊರಿನ ಮೇಲಿದೆ ಎಂದಾಯಿತು. ಈ ಪಾಠವನ್ನು ದರ್ಸಿನಲ್ಲಿ ಓದಿಯೂ ನಾನು ಆ ಹುಡುಗನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡಿದ್ದೆ.

ಅಬ್ದುಲ್ ಕಲಾಮ್ ಅವರ ಹೆಸರನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅವರು ಮದರಾಸಿನಲ್ಲಿ ತಾಂತ್ರಿಕ ಶಿಕ್ಷಣಕ್ಕೆ ಸೇರುವಾಗ ಶುಲ್ಕ ತುಂಬಲು ಅಕ್ಕ ಝೊಹ್ರಾ ತಮ್ಮ ಚಿನ್ನದ ಬಳೆ, ಸರಗಳನ್ನು ಅಡವಿಟ್ಟಿದ್ದರು. ಆ ಬಳೆ ವ್ಯರ್ಥವಾಗಲಿಲ್ಲ. ಏಕೆಂದರೆ ಅಡವಿಟ್ಟವರಿಗೂ ಓದಿದವರಿಗೂ ಏನನ್ನು ಓದಬೇಕು, ಏಕೆ ಓದಬೇಕು ಎಂಬುದು ಸ್ಪಷ್ಟವಿತ್ತು. ಇನ್ನೊಂದು ಕಡೆ ನಮ್ಮ ಕವಿ ನಿಸಾರ್ ಅಹಮದ್ ಭೂವಿಜ್ಞಾನ ಓದಿ ಅದನ್ನೇ ಕಾಲೇಜಿನಲ್ಲಿ ಕಲಿಸಿದವರು. ನಾಡು ಅವರನ್ನು ನೆನೆಯುವುದು ಕನ್ನಡ ಕವಿತೆಗಾಗಿ. ಪದವಿ ಒಂದು ದಾರಿಯಲ್ಲಿ ಅನ್ನ ಕೊಡಬಹುದು, ಮನಸ್ಸು ಇನ್ನೊಂದು ದಾರಿಯಲ್ಲಿ ಅರಳಬಹುದು.

ಮೂರನೆಯ ದಿನ ತಂದೆ-ಮಗ ಮತ್ತೆ ಬಂದರು. ಈ ಬಾರಿ ನಾನು ಮೊದಲು ಹುಡುಗನನ್ನು ಕೇಳಿದೆ, "ಏನು ಓದಬೇಕೆಂದಿದ್ದೀಯ ಮೋನೇ?"

"ಬಿಕಾಂ, ಉಸ್ತಾದ್. ಲೆಕ್ಕ ಇಷ್ಟ. ಮಾವನ ಅಂಗಡಿಯ ಲೆಕ್ಕವನ್ನು ನಾನೇ ಎರಡು ವರ್ಷದಿಂದ ಬರೆಯುತ್ತಿದ್ದೇನೆ."

ಅನಂತರ ತಂದೆಯತ್ತ ತಿರುಗಿ, "ಕಾಕ, ನೀವು ದಮ್ಮಾಮಿನಿಂದ ಏಕೆ ಮರಳಿದಿರಿ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ಇಪ್ಪತ್ತೆರಡು ವರ್ಷ ಒಂದೇ ಕಂಪನಿ. ಇಕಾಮಾದಲ್ಲಿ ಡ್ರೈವರ್, ಆದರೆ ಕೊನೆಯ ಹತ್ತು ವರ್ಷ ಗೋದಾಮಿನ ಇಡೀ ಲೆಕ್ಕ ನೋಡಿಕೊಂಡದ್ದು ಇವರೇ. ಸೌದಿಯವರಿಗೆ ಉದ್ಯೋಗ ಮೀಸಲಿಡುವ ನಿತಾಕತ್ 2011ರಲ್ಲಿ ಬಂದ ಮೇಲೆ ಕಂಪನಿಗಳು ಪ್ರತಿ ಹುದ್ದೆಗೂ ಕಾಗದ ಕೇಳತೊಡಗಿದವು. ಗೋದಾಮಿನ ಮೇಲ್ವಿಚಾರಕ ಎಂಬ ಹುದ್ದೆಯನ್ನು ಸೃಷ್ಟಿಸಿದಾಗ, ಇವರೇ ಕೆಲಸ ಕಲಿಸಿದ ಯುವಕನನ್ನು ಅದಕ್ಕೆ ನೇಮಿಸಿದರು. ಅವನ ಬಳಿ ದೃಢೀಕರಿಸಿದ ಪದವಿ ಪತ್ರವಿತ್ತು. ಇವರ ಬಳಿ ಎಸ್‌ಎಸ್‌ಎಲ್‌ಸಿ ಪಾಸಾದ ಕಾಗದವೂ ಇರಲಿಲ್ಲ.

"ಕೆಲಸ ನನಗೆ ಬರುತ್ತಿತ್ತು ಉಸ್ತಾದ್, ಕಾಗದ ಅವನಿಗೆ ಬರುತ್ತಿತ್ತು" ಎಂದರು.

"ನಿಮ್ಮ ಮಗನಿಗೆ ಎರಡೂ ಬರಲಿ ಕಾಕ" ಎಂದೆ.

ಅಂದು ನಾವು ಕೂಡಿ ಮಾಡಿದ ತೀರ್ಮಾನ ಹೀಗಿತ್ತು. ಹುಡುಗ ಸರಕಾರಿ ಪ್ರಥಮ ದರ್ಜೆ ಕಾಲೇಜಿಗೆ ಸೇರಬೇಕು. ಅಲ್ಲಿ ಶುಲ್ಕ ಕಡಿಮೆ, ಬಡ್ಡಿಯ ಸಾಲದ ಹಂಗಿಲ್ಲ. ತರಗತಿ ಮುಗಿದ ಮೇಲೆ ಪೇಟೆಯ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಕುಳಿತು ಜಿಎಸ್‌ಟಿ ಲೆಕ್ಕ ಕಲಿಯಬೇಕು. ಮೊದಲ ವರ್ಷ ಕೈಗೆ ಏನೂ ಬಾರದಿದ್ದರೂ ಬಿಡಬಾರದು. ಮೂರು ವರ್ಷಗಳ ಬಳಿಕ ಪರದೇಶಕ್ಕೆ ಹೋಗುವುದಾದರೆ ಲೆಕ್ಕಿಗನಾಗಿ ಹೋಗಲಿ. ಇದು ಯಶಸ್ವಿಯಾಗುತ್ತದೆಯೋ ಇಲ್ಲವೋ ಎಂದು ಹೇಳಲು ನಾನು ಯಾರು? ನಮ್ಮ ಪಾಲಿಗಿರುವುದು ಒಂಟೆಯನ್ನು ಕಟ್ಟುವ ಕೆಲಸ. ಹುಡುಗ ಈಗ ಎರಡನೆಯ ವರ್ಷದಲ್ಲಿದ್ದಾನೆ.

ಹೆತ್ತವರಲ್ಲಿ ನನ್ನ ವಿನಂತಿ ಇಷ್ಟೆ. ಮಗುವಿನ ಕೈ ಯಾವುದಕ್ಕೆ ಒಲಿದಿದೆ ಎಂದು ಮೊದಲು ನೋಡಿ. ಯಂತ್ರಕ್ಕೆ ಒಲಿದ ಕೈಯಾದರೆ ಐಟಿಐ, ಡಿಪ್ಲೊಮಾ ಯಾವುದೂ ಕೀಳಲ್ಲ. ಡಿಪ್ಲೊಮಾ ಮುಗಿಸಿದವರಿಗೆ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ದಾರಿಯೂ ಇದೆ. ಪುಸ್ತಕಕ್ಕೆ ಒಲಿದ ಮನಸ್ಸಾದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಬೇಡಿ. ಪದವಿಗೆ ಸೇರಿಸುವ ಮೊದಲು, ಇದು ಯಾವ ಬಾಗಿಲಿನ ಕೀಲಿಕೈ ಎಂದು ಕೇಳಿ ತಿಳಿಯಿರಿ. ಮದುವೆಯ ಒಂದು ದಿನಕ್ಕೆ ಲಕ್ಷಗಳನ್ನು ಸುರಿಯುವ ನಾವು, ಮೂರು ವರ್ಷದ ಓದಿಗೆ ಲೆಕ್ಕ ಕೇಳುವುದು ನ್ಯಾಯವಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ಪದವಿಯನ್ನು ಕೇವಲ ಸಂಪಾದನೆಯ ದೃಷ್ಟಿಯಿಂದ ಅಳೆಯಬೇಡಿ. ಅವಳು ದುಡಿಯಲೇಬೇಕೆಂದಿಲ್ಲ. ಆದರೆ ದುಡಿಯಲೇಬೇಕಾದ ದಿನ ಬಂದರೆ ಅವಳ ಕೈ ಖಾಲಿಯಿರಬಾರದು.

ಅದೇ ವಾರ ನಾನು ನನ್ನ ಮಡದಿಯನ್ನು ಕರೆದುಕೊಂಡು ಬೀಡಿ ಕಟ್ಟುವ ಆ ಸಹೋದರಿಯ ಮನೆಗೆ ಹೋದೆ. ಅಂದು ನಿನ್ನ ತಂದೆಗೆ ನಾನು ಹೇಳಬೇಕಾದ ಒಂದು ಮಾತನ್ನು ಹೇಳದೆ ಉಳಿಸಿಕೊಂಡೆ, ಕ್ಷಮಿಸು ಎಂದೆ. ಅವಳು ಬೀಡಿ ಎಲೆಯನ್ನು ಬದಿಗಿಟ್ಟು, "ಈಗಲಾದರೂ ಹೇಳಿ ಉಸ್ತಾದ್" ಎಂದಳು. ದೂರ ಶಿಕ್ಷಣದ ಅರ್ಜಿಯನ್ನು ಮಡದಿ ಅವಳ ಕೈಗಿತ್ತಳು. ಅವಳು ಬೆರಳೆಣಿಸಿದಳು. ಬಿಎಗೆ ಮೂರು ವರ್ಷ, ಬಿಎಡ್‌ಗೆ ಎರಡು ವರ್ಷ, ಅಷ್ಟರಲ್ಲಿ ಮಗಳು ಹೈಸ್ಕೂಲು ಸೇರಿರುತ್ತಾಳೆ. "ಇಬ್ಬರೂ ಒಟ್ಟಿಗೆ ಶಾಲೆಗೆ ಹೋಗಬಹುದು" ಎಂದು ನಕ್ಕಳು. ಮೊದಲ ವರ್ಷದ ಶುಲ್ಕವನ್ನು ಕತರ್‌ನಿಂದ ಒಬ್ಬ ಹೆಲ್ಪರ್ ಕಳುಹಿಸಿದ್ದಾನೆ. ಹೆಸರು ಹೇಳಬಾರದೆಂದು ಅವನ ಷರತ್ತು.

ಪ್ರಯೋಜನಕಾರಿ ಜ್ಞಾನವನ್ನು, ಹಲಾಲಾದ ಅನ್ನವನ್ನು ಅಲ್ಲಾಹನು ನಮ್ಮೆಲ್ಲರ ಮಕ್ಕಳಿಗೆ ದಯಪಾಲಿಸಲಿ. ಸಲಹೆ ಕೇಳಿ ಬಂದವರಿಗೆ ಅಮಾನತಿನ ಅರಿವಿನಿಂದ ಉತ್ತರಿಸುವ ವಿವೇಕವನ್ನು ನನ್ನಂತಹ ಉಸ್ತಾದರಿಗೂ ಅನುಗ್ರಹಿಸಲಿ. ಆಮೀನ್.